ನಿದ್ರಾ ಮೀಮಾಂಸೆ, ಅಥವಾ ಪೈಲಟ್ ಸಂಘಗಳ ವರ್ಗೀಕರಣ

ಪೈಲಟ್ ಎಂಬ ಜೀವಿಯನ್ನು, ಅವನ ಸಂಘವನ್ನು, ಆ ಸಂಘ ಆಡಳಿತದೊಂದಿಗೆ ನಡೆಸುವ ಜಗ್ಗಾಟವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಬೇಕೆನ್ನುವವರು ಮುಂಬೈಗೋ ದಿಲ್ಲಿಗೋ ಹೋಗಬೇಕಿಲ್ಲ. ಹೊಸಪೇಟೆಯಿಂದ ಬಳ್ಳಾರಿ ದಿಕ್ಕಿಗೆ ಹೊರಟು ಪಾಪಿನಾಯಕನಹಳ್ಳಿಯಲ್ಲಿ ಇಳಿದರೆ ಸಾಕು. ಸುತ್ತಲಿನವರ ಬಾಯಲ್ಲಿ ಅದು ಪಿ.ಕೆ. ಹಳ್ಳಿ. ಪೂರ್ವಕ್ಕೆ ತೋರಣಗಲ್ಲು, ಅಲ್ಲೊಂದು ಉಕ್ಕಿನ ಕಾರ್ಖಾನೆ, ಕಾರ್ಖಾನೆಯ ಜೊತೆಗೇ ವಿದ್ಯಾನಗರದ ವಿಮಾನ ನಿಲ್ದಾಣ. ಊರಿನ ಮಗ್ಗುಲಲ್ಲೇ ಗುಂತಕಲ್–ಹುಬ್ಬಳ್ಳಿ ಹಳಿ. ಮೇಲೊಂದು ಜಾತಿ, ಕೆಳಗೊಂದು ಜಾತಿ. ಮಾದರಿ ಸಂಗ್ರಹಕ್ಕೆ ಇದಕ್ಕಿಂತ ಅನುಕೂಲದ ಜಾಗ ನನಗೆ ಗೊತ್ತಿಲ್ಲ.

ಪ್ರಕರಣ ಒಂದು: ಜಾತಿ ನಿರ್ಣಯ

ಪೈಲಟ್‌ಗಳು ಎರಡು ವಿಧ. ನಭಶ್ಚರ ಮತ್ತು ಹಳಿಚರ.

ನಭಶ್ಚರನ ಲಕ್ಷಣಗಳು ಎಲ್ಲರಿಗೂ ತಿಳಿದಿವೆ: ಬಿಳಿ ಅಂಗಿ, ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ, ಮನೆ ಬಾಗಿಲಿಗೆ ಬರುವ ಕ್ಯಾಬ್. ಹಳಿಚರನನ್ನು, ಅಂದರೆ ಲೋಕೋ ಪೈಲಟ್‌ನನ್ನು, ಜನ ನೋಡುವುದೇ ಕಡಿಮೆ. ರೈಲಿಗೆ ಬಂದವರು ನೋಡುವುದು ಬೋಗಿ ನಂಬರು, ಎಂಜಿನ್ ಕಡೆ ತಿರುಗಿದರೂ ಸೆಲ್ಫಿಗೆ. ಮಧ್ಯಾಹ್ನದ ಬಿಸಿಲಿನಲ್ಲಿ ಸಿಗ್ನಲ್ ಸಿಗದೆ ಲೂಪ್ ಲೈನಿನಲ್ಲಿ ನಿಂತ ಅದಿರಿನ ಗೂಡ್ಸನ್ನು ಗಮನಿಸಿದರೆ ಈ ಜಾತಿ ಕಾಣಸಿಗುತ್ತದೆ. ಅರವತ್ತಕ್ಕೆ ತುಸು ಕಡಿಮೆ ವ್ಯಾಗನ್ನುಗಳು, ಎಲ್ಲದರ ಮೈಮೇಲೂ ಸಂಡೂರಿನ ಕೆಂಪು ಧೂಳು. ಎಂಜಿನ್ ಕಿಟಕಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ನೀರಿನ ಬಾಟಲಿ. ಒಳಗೆ ಇಬ್ಬರು. ಒಬ್ಬ ಪೈಲಟ್, ಇನ್ನೊಬ್ಬ ಸಹಾಯಕ. ಇಬ್ಬರ ಕಣ್ಣೂ ಕೆಂಪು ದೀಪದ ಮೇಲೆ. ಅದರ ಮೇಲೆ ಊಟದ ಡಬ್ಬಿ ತೆರೆಯಲೋ ಬೇಡವೋ ಎಂಬ ಧರ್ಮಸಂಕಟ, ಯಾಕೆಂದರೆ ಮೊದಲ ತುತ್ತಿಗೇ ಸಿಗ್ನಲ್ ಬೀಳುವುದು ಈ ಜಾತಿಯ ಪ್ರಾರಬ್ಧ.

ಗಾಡಿ ಓಡುವಾಗ ಇನ್ನೊಂದು ಪರೀಕ್ಷೆ ಇದೆ. ಒಂದು ನಿಮಿಷ ಏನನ್ನೂ ಮುಟ್ಟದೆ ಕೂತರೆ ಎಂಜಿನ್ನಿನೊಳಗಿನ ಕಾವಲು ಯಂತ್ರ ಮೊದಲು ದೀಪ ಮಿಣುಕಿಸುತ್ತದೆ, ಆಮೇಲೆ ಬಜರ್ ಒದರುತ್ತದೆ, ಅದಕ್ಕೂ ಜಗ್ಗದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ನಿದ್ದೆ ಬಂದದ್ದನ್ನು ಹಿಡಿಯುವ ಯಂತ್ರವನ್ನು ಆಡಳಿತ ಎಂಜಿನ್ನಿಗೆ ಹಾಕಿಸಿತು. ನಿದ್ದೆ ಕೊಡುವ ಯಂತ್ರ ರೋಸ್ಟರು. ಅದು ಇನ್ನೂ ರಿಪೇರಿಯಲ್ಲಿದೆ.

ಎರಡೂ ಜಾತಿಗೆ ಸಮಾನವಾದ ಲಕ್ಷಣ ಒಂದೇ: ಡ್ಯೂಟಿಗೆ ಮೊದಲು ಯಂತ್ರದೊಳಗೆ ಊದಿ, ಕುಡಿದಿಲ್ಲವೆಂದು ತೋರಿಸಬೇಕು. ಮಲಗಿದ್ದೇನೆ ಎಂದು ತೋರಿಸುವ ಯಂತ್ರ ಎರಡು ಕಡೆಯೂ ಇಲ್ಲ. ಭೇದಕ ಲಕ್ಷಣವೂ ಒಂದೇ, ಮುಂದಿನ ವಾದವೆಲ್ಲ ನಿಂತಿರುವುದು ಅದರ ಮೇಲೆ: ನಭಶ್ಚರನಿಗೆ ಧಣಿಗಳು ಹಲವರು, ಹಳಿಚರನಿಗೆ ಒಬ್ಬನೇ.

ಪ್ರಕರಣ ಎರಡು: ಕೊರತೆಯ ಬಗೆಗಳು

ಪೈಲಟ್‌ಗಳು ಸಾಲದಾದಾಗ ಇದ್ದವರ ಬೆಲೆ ಏರಬೇಕು, ಏರಿದ ಬೆಲೆಯನ್ನು ಸಂಘ ಮಾತುಕತೆಯಲ್ಲಿ ವಸೂಲು ಮಾಡಬೇಕು. ಇದು ಪೂರ್ವಪಕ್ಷ. ಕಂಪ್ಲಿ ಸಂತೆಯಲ್ಲಿ ಮೆಣಸಿನಕಾಯಿ ಕಡಿಮೆ ಬಂದ ದಿನ ನಡೆಯುವುದೂ ಇದೇ. ಆದರೆ ಕೊರತೆಯಲ್ಲೂ ಜಾತಿಗಳಿವೆ.

ಮೊದಲನೆಯದು ಸಂತೆಯ ಕೊರತೆ. ಇದು ಆಕಾಶದಲ್ಲಿ ಮಾತ್ರ ಕಾಣುತ್ತದೆ. 2023ರಲ್ಲಿ ಆಕಾಶ ಏರ್‌ನ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಬೇರೆ ಕಂಪನಿಗಳ ಕಡೆ ನಡೆದರು; ಕಂಪನಿ ಕೋರ್ಟಿನ ಮೆಟ್ಟಿಲು ಹತ್ತಿತು. ಇಂಥದ್ದಾಗಬಾರದೆಂದೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ಕ್ಯಾಪ್ಟನ್ನಿಗೆ ಒಂದು ವರ್ಷ, ಸಹ ಪೈಲಟ್‌ಗೆ ಆರು ತಿಂಗಳ ನೋಟಿಸ್ ಅವಧಿ ನಿಗದಿ ಮಾಡಿತ್ತು. ಮದುವೆ ಮುರಿಯಲೂ ಇಷ್ಟು ದಿನ ಹಿಡಿಯದ ಕಾಲ ಇದು. ಆದರೂ ಹೋಗುವವರು ಹೋದರು. ಹೋಗಲು ಇನ್ನೊಂದು ಮನೆ ಇರುವವನಿಗಷ್ಟೇ ಕೊರತೆ ಒಂದು ಆಯುಧ.

ಎರಡನೆಯದು ಕಾಗದದ ಕೊರತೆ. ಇದು ಹಳಿಯ ಮೇಲೆ ಬೆಳೆಯುವಂಥದ್ದು. ಹುದ್ದೆ ಮಂಜೂರಾಗಿರುತ್ತದೆ, ಮನುಷ್ಯ ಇರುವುದಿಲ್ಲ. ಸಹಾಯಕ ಲೋಕೋ ಪೈಲಟ್ ಹುದ್ದೆಗೆ 2018ರಲ್ಲಿ ಅರ್ಜಿ ಕರೆದ ರೈಲ್ವೆ ಮತ್ತೆ ಕರೆದದ್ದು 2024ರ ಜನವರಿಯಲ್ಲಿ, ಅದೂ 5,696 ಹುದ್ದೆಗೆ. ನಡುವಿನ ಆರು ವರ್ಷ ಇದ್ದವರೇ ಎಳೆದರು. ಈ ಬಗೆಯ ಕೊರತೆಯಲ್ಲಿ ಪೈಲಟ್‌ನ ಬೆಲೆ ಏರುವುದಿಲ್ಲ, ಅವನ ಡ್ಯೂಟಿ ಏರುತ್ತದೆ. ಬೇಸತ್ತು ಬಿಟ್ಟು ಹೋಗುತ್ತೇನೆಂದರೆ ಇನ್ನೊಂದು ಭಾರತೀಯ ರೈಲ್ವೆ ಇಲ್ಲ.

ಪ್ರಕರಣ ಮೂರು: ಮಾತುಕತೆಯ ಭೇದಗಳು

ಸೋಪಾನ ಮಾತುಕತೆ. ರೈಲ್ವೆಯಲ್ಲಿ 1952ರಿಂದ ಪಿಎನ್‌ಎಂ ಎಂಬ ಶಾಶ್ವತ ಮಾತುಕತೆಯ ವ್ಯವಸ್ಥೆ ಇದೆ. ಹೆಸರಿನಲ್ಲಿ ಶಾಶ್ವತ ಎಂದಿರುವುದು ಸಭೆಗೆ, ಫಲಕ್ಕಲ್ಲ. ವಿಭಾಗ ಮತ್ತು ವಲಯ ಒಂದು ಮೆಟ್ಟಿಲು, ರೈಲ್ವೆ ಮಂಡಳಿ ಎರಡನೆಯದು, ಅಲ್ಲೂ ತೀರದಿದ್ದರೆ ನ್ಯಾಯಮಂಡಳಿ. ಹುಬ್ಬಳ್ಳಿಯಲ್ಲಿ ಏರಿದ ವಿಷಯ ದಿಲ್ಲಿ ಮುಟ್ಟುವ ಹೊತ್ತಿಗೆ ಏರಿಸಿದವನು ನಿವೃತ್ತನಾಗಿ ಮೊಮ್ಮಗನ ಕೈ ಹಿಡಿದು ಸ್ಟೇಷನ್ನಿಗೆ ಗಾಡಿ ನೋಡಲು ಬರುತ್ತಿರುತ್ತಾನೆ. ಮಾನ್ಯತೆ ಪಡೆದ ಯೂನಿಯನ್ನಿಗೆ ಮಾತ್ರ ಇಲ್ಲಿ ಕುರ್ಚಿ. ಲೋಕೋ ಪೈಲಟ್‌ಗಳದ್ದೇ ಆದ ಅಖಿಲ ಭಾರತ ಲೋಕೋ ರನ್ನಿಂಗ್ ಸ್ಟಾಫ್ ಅಸೋಸಿಯೇಷನ್ನಿಗೆ ಆ ಮಾನ್ಯತೆ ಇಲ್ಲ. ಗಾಡಿ ಓಡಿಸುವವರ ಸಂಘ ಗಾಡಿಯ ಹೊರಗೆ ನಿಂತಿದೆ.

ಜ್ವರ ಮಾತುಕತೆ. ನಭಶ್ಚರರಲ್ಲಿ ಮಾತ್ರ ಕಾಣುವ ಭೇದ. 2009ರ ಸೆಪ್ಟೆಂಬರಿನಲ್ಲಿ ಜೆಟ್ ಏರ್‌ವೇಸ್ ಸಂಘ ಕಟ್ಟಿದ ಪೈಲಟ್‌ಗಳನ್ನು ಕೆಲಸದಿಂದ ತೆಗೆದಾಗ ನೂರಾರು ಸಹೋದ್ಯೋಗಿಗಳಿಗೆ ಒಂದೇ ದಿನ ಜ್ವರ ಬಂತು. ಐದು ದಿನಕ್ಕೆ, ತೆಗೆದವರನ್ನು ವಾಪಸ್ ತೆಗೆದುಕೊಳ್ಳುವ ಮಾತಾಗುತ್ತಲೇ ಬಿಟ್ಟಿತು. ವೈದ್ಯಶಾಸ್ತ್ರದಲ್ಲಿ ಇಷ್ಟು ನಿಖರವಾದ ಚಿಕಿತ್ಸೆ ಅಪರೂಪ.

ದಾಯಾದಿ ಮಾತುಕತೆ. 2012ರಲ್ಲಿ ಏರ್ ಇಂಡಿಯಾದಲ್ಲಿ 58 ದಿನ ನಡೆದದ್ದು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಹಳೆಯ ಇಂಡಿಯನ್ ಏರ್‌ಲೈನ್ಸ್‌ನಿಂದ ಬಂದವರಿಗೂ ಕೊಡಬೇಕೆ ಎಂಬುದು ಜಗಳದ ಬೇರು. ಎರಡು ಕಂಪನಿಗಳನ್ನು ಸರಕಾರ 2007ರಲ್ಲೇ ಒಂದು ಮಾಡಿತ್ತು. ಪೈಲಟ್‌ಗಳ ಸಂಘಗಳು ಎರಡಾಗಿಯೇ ಉಳಿದಿದ್ದವು. ಆಡಳಿತಕ್ಕೆ ಇಂಥ ಮಾತುಕತೆ ಕಂಡರೆ ಒಳಗೊಳಗೇ ಹಿತ.

ನಿರಾಲಂಬ ಮಾತುಕತೆ. ಎದುರಿಗೆ ಕೂರಲು ಆಡಳಿತವೇ ಇಲ್ಲದಿದ್ದಾಗ ನಡೆಯುವುದು. ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್ ಏರ್‌ಲೈನ್ಸ್‌ನಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದ ಪೈಲಟ್‌ಗಳು, ಎಂಜಿನಿಯರುಗಳು ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರಿನಲ್ಲಿ ವಿಮಾನಗಳೇ ನಿಂತವು. ಇದರ ಬಗ್ಗೆ ಭಾಷ್ಯ ಬೇಕಿಲ್ಲ.

ಸ್ಥೂಲ ಮಾತುಕತೆ, ಅಂದರೆ ಮುಷ್ಕರ. ಇದರಲ್ಲಿ ಹಳಿಚರರೇ ಹಿರಿಯರು. 1973ರಲ್ಲಿ ಲೋಕೋ ಸಿಬ್ಬಂದಿ ಎರಡು ಸಲ ಎಂಜಿನ್ ಬಿಟ್ಟಿಳಿದರು. ಅವರು ಕೇಳಿದ್ದು ಸಂಬಳಕ್ಕಿಂತ ಹೆಚ್ಚಾಗಿ ಗಡಿಯಾರವನ್ನು. ಆಗಸ್ಟಿನಲ್ಲಿ ಅಂದಿನ ರೈಲ್ವೆ ಸಚಿವ ಎಲ್.ಎನ್. ಮಿಶ್ರಾ ಹತ್ತು ಗಂಟೆಯ ಡ್ಯೂಟಿಗೆ ಒಪ್ಪಿದರು. ಮರುವರ್ಷ, 1974ರ ಮೇ 8ರಿಂದ 27ರವರೆಗೆ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ನೇತೃತ್ವದಲ್ಲಿ ದೇಶದ ರೈಲೇ ನಿಂತಿತು. ಸಾವಿರಾರು ಜನ ಜೈಲು ಕಂಡರು, ಕೆಲಸ ಕಳೆದುಕೊಂಡರು. ಅಷ್ಟಾಗಿ, 1973ರ ಆ ಹತ್ತು ಗಂಟೆ ಎಲ್ಲಿದೆ? ಇಂದಿನ ನಿಯಮದಲ್ಲಿ ಗಾಡಿ ಓಡಿಸುವ ಡ್ಯೂಟಿ ಒಂಬತ್ತು ಗಂಟೆ. ಆದರೆ ಮೊದಲೇ ತಿಳಿಸಿದರೆ ಹಾಜರಿ ಹಾಕಿದಲ್ಲಿಂದ ಹನ್ನೊಂದರ ತನಕ ಎಳೆಯಬಹುದು. ತುರ್ತಿದ್ದರೆ ಇನ್ನೂ ಎಳೆಯಬಹುದು. ಅದಿರು ಸಾಗಿಸುವ ಹಳಿಯ ಮೇಲೆ ತುರ್ತು ಇಲ್ಲದ ದಿನವನ್ನು ಈ ಶಾಸ್ತ್ರಕಾರ ಇನ್ನೂ ಹುಡುಕುತ್ತಿದ್ದಾನೆ.

ಪ್ರಕರಣ ನಾಲ್ಕು: ವಿಶ್ರಾಂತಿಯ ದ್ವೈತಾದ್ವೈತ

ಈ ಗ್ರಂಥದ ಹೃದಯಭಾಗ ಇದು. ಸ್ಥಳಮಹಿಮೆಯೂ ಇಲ್ಲೇ ಕೂಡಿಬರುತ್ತದೆ. ಪಿ.ಕೆ. ಹಳ್ಳಿಗೆ ಹಂಪಿ ದೂರವಲ್ಲ. ಅಲ್ಲಿ ವಿರೂಪಾಕ್ಷನ ಸನ್ನಿಧಿಯಲ್ಲಿ ಅದ್ವೈತದ ವಿದ್ಯಾರಣ್ಯರ ಮಠ. ಹೊಳೆ ದಾಟಿದರೆ ಆನೆಗೊಂದಿಯ ನವವೃಂದಾವನದಲ್ಲಿ, ಅದ್ವೈತವನ್ನು ಎಳೆ ಎಳೆಯಾಗಿ ಬಿಡಿಸಿ ಖಂಡಿಸಿದ ವ್ಯಾಸರಾಯರು. ಎರಡು ವಸ್ತು ಒಂದೇ ಹೌದೋ ಅಲ್ಲವೋ ಎಂಬ ತರ್ಕಕ್ಕೆ ಈ ನೆಲದ ತಾಲೀಮು ಹಳೆಯದು. ಲೋಕೋ ಪೈಲಟ್‌ಗಳ ತರ್ಕವೂ ಅದೇ.

ಸೂತ್ರ ಹೀಗಿದೆ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಓಡುವ ಸಿಬ್ಬಂದಿಗೆ ತಿಂಗಳಿಗೆ 30 ಗಂಟೆಯ ನಾಲ್ಕು ವಿಶ್ರಾಂತಿ, ಇಲ್ಲವೇ 22 ಗಂಟೆಯ ಐದು. ಇದಲ್ಲದೆ, ಡ್ಯೂಟಿ ಮುಗಿಸಿ ತನ್ನ ಊರಿಗೆ ಬಂದವನಿಗೆ ದಿನದ ವಿಶ್ರಾಂತಿ 16 ಗಂಟೆ. ಪ್ರಶ್ನೆ: ವಾರದ ವಿಶ್ರಾಂತಿ ಬಂದ ದಿನ ಈ 16 ಎಲ್ಲಿ ಹೋಗುತ್ತದೆ?

ಆಡಳಿತ ಅದ್ವೈತಿ. 16 ಎಂಬುದು 30ರಲ್ಲೇ ಲೀನವಾಗಿದೆ, ಬೇರೆಯಾಗಿ ತೋರುವುದು ಮಾಯೆ. ಸಂಘ ದ್ವೈತಿ. 16 ಬೇರೆ, 30 ಬೇರೆ, ಭೇದ ಸತ್ಯ, ಕೂಡಿದರೆ 46. ದುಡಿದ ದಣಿವಿಗೆ ಒಂದು ವಿಶ್ರಾಂತಿ, ಹೆಂಡತಿ ಮಕ್ಕಳ ಮುಖ ನೋಡುವುದಕ್ಕೆ ಇನ್ನೊಂದು. 16 ಗಂಟೆ ಮಲಗಿ ಎದ್ದವನಿಗೆ ಅದ್ವೈತದ ಲೆಕ್ಕದಲ್ಲಿ ಉಳಿಯುವುದು 14. ಅಷ್ಟರಲ್ಲಿ ರೇಷನ್ ತರಬೇಕು, ಮಗನ ಶಾಲೆಗೆ ಹೋಗಿ ಬರಬೇಕು, ಬಟ್ಟೆ ಒಣಗಬೇಕು.

ಈ ವಾದಕ್ಕೆ ತೀರ್ಪು ಬಂದದ್ದು ಕರ್ನಾಟಕದಲ್ಲೇ. 2011ರಲ್ಲಿ ಬೆಂಗಳೂರಿನ ಪ್ರಾದೇಶಿಕ ಕಾರ್ಮಿಕ ಆಯುಕ್ತರು ದ್ವೈತದ ಕಡೆ ನಿಂತರು. ರೈಲ್ವೆ ಹೈಕೋರ್ಟಿಗೆ ಹೋಯಿತು. ಕರ್ನಾಟಕ ಹೈಕೋರ್ಟೂ ಆಯುಕ್ತರ ಮಾತನ್ನೇ ಎತ್ತಿಹಿಡಿಯಿತು. ವ್ಯಾಸರಾಯರು ಗೆದ್ದರೆಂದು ತಿಳಿಯಬೇಡಿ. 2024ರ ಜೂನಿನಲ್ಲಿ ದಕ್ಷಿಣ ರೈಲ್ವೆಯ ಲೋಕೋ ಪೈಲಟ್‌ಗಳು ಇದೇ ಆದೇಶ ಮುಂದಿಟ್ಟುಕೊಂಡು ತಾವಾಗಿಯೇ 46 ಗಂಟೆ ಮನೆಯಲ್ಲಿದ್ದು ಬಂದರೆ, ಹಲವರ ಕೈಗೆ ಚಾರ್ಜ್‌ಶೀಟು, ಅಮಾನತು, ವರ್ಗಾವಣೆ ಬಂತು. ಮುಷ್ಕರ ಮಾಡಿದ್ದಕ್ಕಲ್ಲ, ಮಲಗಿದ್ದಕ್ಕೆ.

ಆಕಾಶದಲ್ಲೂ ಇದೇ ದರ್ಶನಭೇದ ಎಂದು ತಿಳಿದದ್ದು 2025ರ ಡಿಸೆಂಬರಿನಲ್ಲಿ. ವಿಮಾನಯಾನ ಮಹಾನಿರ್ದೇಶನಾಲಯದ ಹೊಸ ನಿಯಮದಂತೆ ವಿಮಾನದ ಪೈಲಟ್‌ಗೆ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು, ರಾತ್ರಿ ಡ್ಯೂಟಿಯಲ್ಲಿ ವಿಮಾನ ಇಳಿಸುವ ಮಿತಿ ಆರು ಸಲದಿಂದ ಎರಡಕ್ಕೆ ಇಳಿಯಿತು. ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ದೇಶದ ಅತಿ ದೊಡ್ಡ ಕಂಪನಿ ಇಂಡಿಗೋಗೆ ತನ್ನಲ್ಲಿ ಅಷ್ಟು ಪೈಲಟ್‌ಗಳಿಲ್ಲ ಎಂಬ ಜ್ಞಾನೋದಯ ಆದದ್ದು ನಿಯಮ ಪೂರ್ತಿ ಜಾರಿಯಾದ ಮೇಲೆ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದು. ಬೆಂಗಳೂರಿನ ನಿಲ್ದಾಣದಲ್ಲಿ ಸೂಟ್‌ಕೇಸುಗಳ ಗುಡ್ಡೆ. ಆ ನಿಯಮದಲ್ಲಿ ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸಕೂಡದು ಎಂಬ ಅಪ್ಪಟ ದ್ವೈತ ವಾಕ್ಯವಿತ್ತು. ಅಂದೇ ಅದನ್ನು ಹಿಂತೆಗೆದರು, ರಾತ್ರಿಯ ಮಿತಿಗಳಿಂದ ಆ ಕಂಪನಿಗೆ ಫೆಬ್ರವರಿ 10ರವರೆಗೆ ವಿನಾಯಿತಿಯನ್ನೂ ಕೊಟ್ಟರು. ಪೈಲಟ್ ಸಂಘಗಳು ಪ್ರತಿಭಟಿಸಿದವು. ಪೈಲಟ್‌ಗಳು ಸಾಲದಾದದ್ದು ಧಣಿಯ ಲೆಕ್ಕ ತಪ್ಪಿದ್ದರಿಂದ. ವಜಾ ಆದದ್ದು ಮಾತ್ರ ಪೈಲಟ್‌ಗಳ ನಿದ್ದೆ. ಹತ್ತು ಮನೆಗಳ ಆಯ್ಕೆ ಇರುವ ನಭಶ್ಚರನೂ ಕಡೆಗೆ ಹಳಿಚರನ ಪಕ್ಕಕ್ಕೇ ಬಂದು ನಿಂತ.

ಓದುಗರು ಗಮನಿಸಬೇಕು: ಮೇಲಿನವನಿಗೆ ಕಾಗದದ ಮೇಲೆ 48 ಸಿಕ್ಕಿದೆ. ಕೆಳಗಿನವನು ಕೇಳುತ್ತಿರುವುದು 46.

ಅನುಬಂಧ

ಊಟಕ್ಕೂ ಮೂತ್ರಕ್ಕೂ ನಿಗದಿತ ಬಿಡುವು ಕೊಡಿ ಎಂಬ ಬೇಡಿಕೆ ಯಾವ ಪ್ರಕರಣಕ್ಕೂ ಸೇರದೆ ಉಳಿದಿದೆ. ಅಂಥ ಬಿಡುವನ್ನು ನಿಯಮ ಮಾಡುವುದು ಕಾರ್ಯಸಾಧ್ಯವಲ್ಲ ಎಂಬ ಸಮಿತಿಯೊಂದರ ಮಾತನ್ನು ರೈಲ್ವೆ ಮಂಡಳಿ 2025ರ ಏಪ್ರಿಲಿನಲ್ಲಿ ಒಪ್ಪಿತು. ಹಳಿಚರರಲ್ಲಿ ಈಗ ಹೆಣ್ಣುಮಕ್ಕಳೂ ಇದ್ದಾರೆ. ಹೆಚ್ಚಿನ ಎಂಜಿನ್‌ಗಳಲ್ಲಿ ಶೌಚಾಲಯ ಇಲ್ಲ. ಇದನ್ನು ಹಾಸ್ಯಕ್ಕೆ ಬಳಸಲು ಕೈ ಬರುತ್ತಿಲ್ಲ.

ಇನ್ನು ಯಾವ ಸಂಘವೂ ನಡೆಸದ ಒಂದು ಮಾತುಕತೆಯ ದಾಖಲೆ. 2024ರ ಜೂನ್ 17ರಂದು ಉತ್ತರ ಬಂಗಾಳದಲ್ಲಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗೂಡ್ಸ್ ಡಿಕ್ಕಿ ಹೊಡೆಯಿತು. ಗೂಡ್ಸಿನ ಲೋಕೋ ಪೈಲಟ್ ಸತ್ತರು. ಮೊದಲು ತಪ್ಪು ಬಿದ್ದದ್ದು ಅವರ ತಲೆಗೇ. ಹಲವು ಹಂತಗಳ ಲೋಪವೆಂದು ಸುರಕ್ಷತಾ ಆಯುಕ್ತರ ತನಿಖೆ ಹೇಳಿದ್ದು ಆಮೇಲೆ. ಜನವರಿಯಿಂದ 5,696ರಲ್ಲೇ ಇದ್ದ ನೇಮಕಾತಿಯ ಸಂಖ್ಯೆ ಅಪಘಾತ ನಡೆದ ಅದೇ ವಾರ 18,799 ಆಯಿತು.

46 ಗಂಟೆ ಮಾತ್ರ ಸಿಗಲಿಲ್ಲ. ಅದಕ್ಕಾಗಿ ಲೋಕೋ ಪೈಲಟ್‌ಗಳು 2025ರ ಫೆಬ್ರವರಿ 20, 21ರಂದು 36 ಗಂಟೆ ಉಪವಾಸ ಕೂತರು. ಡ್ಯೂಟಿ ಇದ್ದವರು ಉಪವಾಸದಲ್ಲೇ ಗಾಡಿ ಓಡಿಸಿದರು.