‘ಇತರೆ’ ಮೀಮಾಂಸೆ: ದಿನಸಿ ಲೆಕ್ಕದ ಪುಸ್ತಕಗಳ ಪಾಠಪರಿಶೋಧನೆ

ಕನ್ನಡದಲ್ಲಿ ಶಾಸನಗಳ ಮೇಲೆ ಕೆಲಸವಾಗಿದೆ, ಓಲೆಗರಿಗಳ ಮೇಲೆ ಆಗಿದೆ, ಕಡತಗಳ ಮೇಲೂ ಅಷ್ಟಿಷ್ಟು ಆಗಿದೆ. ಆದರೆ ಅಡುಗೆಮನೆಯ ಗೂಡಿನಲ್ಲಿ, ಗ್ಯಾಸ್ ಪುಸ್ತಕದ ಪಕ್ಕ, ಎಣ್ಣೆ ಬೆರಳಿನ ಗುರುತು ಹೊತ್ತು ಕೂತಿರುವ ದಿನಸಿ ಲೆಕ್ಕದ ಪುಸ್ತಕದ ಕಡೆ ವಿದ್ವಜ್ಜನರು ಕಣ್ಣೆತ್ತಿಯೂ ನೋಡಿಲ್ಲ. ಬಿ.ಎಲ್. ರೈಸ್ ಸಾವಿರಾರು ಶಾಸನಗಳನ್ನು ಹುಡುಕಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದರು. ಹೆಸರಿನಲ್ಲೇ ಅಕ್ಕಿ ಇಟ್ಟುಕೊಂಡಿದ್ದ ಅವರಿಗೂ ಅಕ್ಕಿಯ ಚೀಟಿ ಶಾಸನವೆಂದು ತೋರಲಿಲ್ಲ. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಆಕರ, ಮೈಸೂರಿನ ಮಧ್ಯಮವರ್ಗದ ಮನೆಯೊಂದರ ಅಟ್ಟದಿಂದ ಇಳಿಸಿದ ಪುಸ್ತಕಗಳು. ಮೊದಲ ತೊಡಕು ಕಾಲನಿರ್ಣಯದ್ದು. ಲೆಕ್ಕವೆಲ್ಲ ಪುಕ್ಕಟೆ ಬಂದ ಡೈರಿಗಳಲ್ಲಿದೆ. ಡೈರಿಯ ಮೇಲಿನ ಇಸವಿಗೂ ಒಳಗಿನ ಬದನೆಕಾಯಿಗೂ ಸಂಬಂಧವಿಲ್ಲ. ಹಾಗಾಗಿ ಆಂತರಿಕ ಪ್ರಮಾಣಗಳೇ ಗತಿ. ಆಣೆ, ಸೇರು, ಪಾವು, ಚಟಾಕು ಕಂಡರೆ ಅದು ಪ್ರಾಚೀನ ಸ್ತರ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದಮೇಲೂ ಮನೆಯ ಅಜ್ಜಿ ಆಣೆಯಲ್ಲೇ ಬರೆದು, ಪಕ್ಕದಲ್ಲಿ ಮೊಮ್ಮಗನ ಕೈಲಿ ಪೈಸೆ ಬರೆಸಿದ್ದಾರೆ. ನಾಲ್ಕಾಣೆಗೆ 25 ಸರಿಹೋಯಿತು. ಒಂದಾಣೆಗೆ ಆರೂಕಾಲು ಬಂದಾಗ ಆ ಕಾಲು ಪೈಸೆ ಯಾರದು ಎಂಬ ವಿವಾದ ಅಂಚಿನಲ್ಲೇ ಉಳಿದುಹೋಗಿದೆ. ಅಂಗಡಿಯವರದೇ ಎಂದು ಊಹಿಸಬೇಕು.

ಈಚಿನ ಸ್ತರದ ಕಾಲನಿರ್ಣಯ ಸುಲಭ. ತೊಗರಿಬೇಳೆಯ ಜಾಗಕ್ಕೆ ಹೆಸರುಬೇಳೆ ಬಂದಿದ್ದರೆ ಅದು 2015, ತೊಗರಿ ಕೆಜಿಗೆ 200 ರೂಪಾಯಿಯ ಹತ್ತಿರ ಹೋದ ವರ್ಷ. ಈರುಳ್ಳಿ ‘ಕಾಲು ಕೆಜಿ’ ಎಂದಿದ್ದರೆ 2019ರ ಡಿಸೆಂಬರ್. ‘ಟೊಮೆಟೊ 4’ ಎಂದಷ್ಟೇ ಇದ್ದು, ನಾಲ್ಕು ಕೆಜಿಯೋ ನಾಲ್ಕು ಹಣ್ಣೋ ಎಂಬ ಸಂದೇಹ ಬಂದರೆ ಕೆಳಗಿನ ಸಾಲಿನಲ್ಲಿ ಹುಣಿಸೆಹಣ್ಣು ಹೆಚ್ಚಾಗಿದೆಯೇ ನೋಡಬೇಕು. ಹೆಚ್ಚಾಗಿದ್ದರೆ ಕಾಲ 2023ರ ಜುಲೈ, ಪಾಠ ನಾಲ್ಕು ಹಣ್ಣು. ಸೂರ್ಯಕಾಂತಿ ಎಣ್ಣೆಯ ಮುಂದೆ ‘ಯುದ್ಧ’ ಎಂಬ ಒಂದೇ ಪದದ ಷರಾ ಇರುವ ಪುಟ 2022ರದು. ಉಕ್ರೇನಿನ ಹೊಲಕ್ಕೂ ನಮ್ಮ ಹಪ್ಪಳದ ಬಾಣಲೆಗೂ ಇರುವ ನಂಟನ್ನು ಇಷ್ಟು ಅಡಕವಾಗಿ ಹೇಳಿದ ಬೇರೆ ಗ್ರಂಥ ಕಂಡಿಲ್ಲ.

ಗ್ರಂಥರಚನೆಯಲ್ಲಿ ಸಂಪ್ರದಾಯನಿಷ್ಠೆ ಎದ್ದು ಕಾಣುತ್ತದೆ. ಪ್ರತಿ ಚೀಟಿಯ ನೆತ್ತಿಯ ಮೇಲೆ ‘ಶ್ರೀ’, ಮೊದಲ ಸಾಲಿನಲ್ಲಿ ಅರಿಶಿನ. ಡಬ್ಬಿಯಲ್ಲಿ ಅರಿಶಿನ ತುಂಬಿ ತುಳುಕುತ್ತಿದ್ದರೂ 50 ಗ್ರಾಂ ಬರೆಯಲೇಬೇಕು. ಇದು ಗ್ರಂಥಾರಂಭದ ಮಂಗಳವೇ ಹೊರತು ಖರೀದಿಯ ಆದೇಶವಲ್ಲ. ಅಂಗಡಿಯವರಿಗೆ ಈ ಸೂಕ್ಷ್ಮ ತಿಳಿಯದ್ದರಿಂದ ಮನೆಯಲ್ಲಿ ಎರಡು ಮದುವೆಗಾಗುವಷ್ಟು ಅರಿಶಿನ ಸೇರಿದೆ.

ಇನ್ನು ಪೂರ್ವಸೂರಿಗಳ ಮತ. ಆದಾಯ ಏರಿದಂತೆಲ್ಲ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಸಾಧಿಸಿದರು. (ಮಾರ್ಕ್ಸರ ಗೆಳೆಯ ಎಂಗೆಲ್ಸ್ ಬೇರೆ, ಅವರ ಹೆಸರಿನಲ್ಲಿ ಒಂದು ಸಕಾರವೂ ಜೇಬಿನಲ್ಲಿ ಒಂದಿಷ್ಟು ಕಾಸೂ ಹೆಚ್ಚು.) ಕೇಂದ್ರ ಸರ್ಕಾರದ ಗೃಹಬಳಕೆ ವೆಚ್ಚ ಸಮೀಕ್ಷೆಯೂ ಇದನ್ನು ಎತ್ತಿಹಿಡಿದಿದೆ: ನಗರದ ಮನೆಗಳಲ್ಲಿ 1999-2000ರ ಹೊತ್ತಿಗೆ ಶೇ 48ರಷ್ಟಿದ್ದ ಆಹಾರದ ಪಾಲು 2022-23ಕ್ಕೆ ಶೇ 39ಕ್ಕೆ ಬಂದಿದೆ. ಈ ಅಂಕಿಯನ್ನು ಓದಿ ಹೇಳಿದಾಗ ಮನೆಯ ಯಜಮಾನರು, “ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು, ಅದನ್ನು ಬರೆದಿದ್ದಾರೆಯೇ?” ಎಂದು ಕೇಳಿದರು. ಸಮೀಕ್ಷಕರು ತರಕಾರಿಗೆ ಹಿಂದಿನ 7 ದಿನದ, ಅಕ್ಕಿ ಬೇಳೆಗೆ 30 ದಿನದ ಲೆಕ್ಕ ಕೇಳುತ್ತಾರೆ. ಕೊತ್ತಂಬರಿಗೆಂದೇ ಹೋಗಿ ಕೊತ್ತಂಬರಿ ಮರೆತು ಬರುವ ಗಂಡಸರಿರುವ ದೇಶದಲ್ಲಿ ಇದು ಧಾರಾಳವಾದ ನಂಬಿಕೆ.

ಗ್ರಂಥದೋಷವನ್ನೂ ಹೇಳಬೇಕು. ಲಿಪಿಕಾರರು ರೂಪಾಯಿಯನ್ನು ಹದ್ದಿನ ಕಣ್ಣಿಟ್ಟು ಕಾದಿದ್ದಾರೆ, ಗ್ರಾಮನ್ನು ಕೈಬಿಟ್ಟಿದ್ದಾರೆ. ‘ಬಿಸ್ಕತ್ತು 5 ರೂ’ ಎಂಬ ಸಾಲು ಪುಸ್ತಕದಿಂದ ಪುಸ್ತಕಕ್ಕೆ ಅಕ್ಷರ ಬದಲಾಗದೆ ಬರುತ್ತದೆ. ಲೋಕದಲ್ಲಿ ಸ್ಥಿರವಾದದ್ದು ಇದೊಂದೇ ಎಂದು ಓದುಗ ಕೈಮುಗಿಯಬೇಕು, ಹಾಗಿದೆ. ಪೊಟ್ಟಣದೊಳಗಿನ ಬಿಸ್ಕತ್ತು ಮಾತ್ರ ವರ್ಷ ವರ್ಷ ತೆಳ್ಳಗಾಗುತ್ತ ಬಂದದ್ದು ಕಾಫಿಯಲ್ಲಿ ಅದ್ದಿದವರಿಗೆ ಗೊತ್ತು, ಲೆಕ್ಕದ ಪುಸ್ತಕಕ್ಕೆ ಗೊತ್ತಿಲ್ಲ. ಅಳತೆ ಹಿಗ್ಗಿದ ಅಪರೂಪದ ಪ್ರಕರಣವೂ ಒಂದಿದೆ: 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪೊಟ್ಟಣಕ್ಕೆ 50 ಮಿಲಿ ಸೇರಿ 2 ರೂಪಾಯಿ ಏರಿತು, 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿ ಆ 50 ಮಿಲಿ ಹಿಂದಕ್ಕೆ ಹೋಯಿತು. ಪುಸ್ತಕದಲ್ಲಿ ಎರಡೂ ಏರಿಕೆಗಳಿಗೆ ಕೆಂಪು ಗೆರೆ ಎಳೆದಿದೆ. ನಡುವಿನ ತಿಂಗಳುಗಳಲ್ಲಿ ದಿನಾ ಕುಡಿದ ಹೆಚ್ಚುವರಿ ಹಾಲಿನ ಬಗ್ಗೆ ಒಂದಕ್ಷರವಿಲ್ಲ.

ಈಗ ಮುಖ್ಯ ಪ್ರಮೇಯ. ಪ್ರತಿ ತಿಂಗಳ ಕೊನೆಯ ಸಾಲಿನಲ್ಲಿ, ಮೊತ್ತಕ್ಕೆ ಸ್ವಲ್ಪ ಮೇಲೆ, ‘ಇತರೆ’ ಎಂಬ ಒಂದು ಬಾಬ್ತು ಕೂತಿರುತ್ತದೆ. ಅಕ್ಕಿ ಇಳಿದರೂ ಎಣ್ಣೆ ಇಳಿದರೂ ಇದು ಇಳಿದದ್ದಿಲ್ಲ. ಪೂರ್ವಪಕ್ಷ ಹೀಗಿದೆ: ‘ಇತರೆ’ ಎಂದರೆ ಮರೆತ ಖರ್ಚು, ಅಷ್ಟೆ. ಇದು ನಿಲ್ಲುವುದಿಲ್ಲ. ಕರಿಬೇವಿನ ಎರಡು ರೂಪಾಯಿಯನ್ನೂ ಮರೆಯದ ಕೈ, ನೂರಾರು ರೂಪಾಯಿಯನ್ನು ತಿಂಗಳು ತಿಂಗಳೂ ತಪ್ಪದೆ ಮರೆಯುವುದು ಅಸಂಭವ. ಎರಡನೆಯ ಪಕ್ಷದವರು, ಮಾರ್ಕೆಟ್ಟಿಗೆ ಹೋದ ಯಜಮಾನರು ದಾರಿಯ ಹೋಟೆಲಿನಲ್ಲಿ ತಿಂದ ಬೋಂಡವೇ ‘ಇತರೆ’ ಎನ್ನುತ್ತಾರೆ. ಅವರು ಚೀಲ ತಂದ ತಿಂಗಳೇ ‘ಇತರೆ’ ಉಬ್ಬುವುದು ಇದಕ್ಕೆ ಪುಷ್ಟಿ. ಆದರೆ ಬೋಂಡದಿಂದ ಅರ್ಧ ಮೊತ್ತವನ್ನಷ್ಟೇ ವಿವರಿಸಬಹುದು; ಇನ್ನರ್ಧಕ್ಕೆ ಮನುಷ್ಯನ ಹೊಟ್ಟೆ ಸಾಲದು.

ಈ ಇನ್ನರ್ಧದ ರಹಸ್ಯ ಬಯಲಾದದ್ದು 2016ರ ನವೆಂಬರ್ 8ರ ರಾತ್ರಿ. ಐನೂರು, ಸಾವಿರದ ನೋಟು ನಡೆಯದು ಎಂದು ಟಿವಿಯಲ್ಲಿ ಘೋಷಣೆಯಾದ ಮೇಲೆ ಅಡುಗೆಮನೆಯಲ್ಲಿ ಉತ್ಖನನ ಆರಂಭವಾಯಿತು. ಸಾಸಿವೆ ಡಬ್ಬಿಯ ತಳದಿಂದ, ಉದ್ದಿನಬೇಳೆಯ ಕೆಳಗಿಂದ, ದೇವರ ಪಟದ ಹಿಂದಿನಿಂದ ಸ್ತರ ಸ್ತರವಾಗಿ ನೋಟುಗಳು ಎದ್ದು ಬಂದವು. ಕೆಲವಕ್ಕೆ ಇಂಗಿನ ವಾಸನೆ. ಯಜಮಾನರು ಮರುದಿನವೇ ಹಳೆಯ ಡೈರಿಗಳ ‘ಇತರೆ’ ಸಾಲುಗಳನ್ನು ಕೂಡಿ ನೋಡಿದರು. ಬೋಂಡದ ಪಾಲು ಕಳೆದರೆ ಲೆಕ್ಕ ಹೆಚ್ಚುಕಡಿಮೆ ತಾಳೆಯಾಯಿತು. ತಾಳೆಯಾಯಿತೆಂದು ಬಾಯಿಬಿಟ್ಟು ಹೇಳಿದ್ದರೆ ಬೋಂಡದ ಪಾಲನ್ನೂ ಹೇಳಬೇಕಾಗುತ್ತಿತ್ತು, ಸುಮ್ಮನಾದರು. ಬ್ಯಾಂಕಿನ ಸಾಲಿನಲ್ಲಿ ಗಂಡ, ಹೆಂಡತಿ ಇಬ್ಬರೂ ಜೊತೆಗೇ ನಿಂತರು.

ಆದ್ದರಿಂದ ಸಿದ್ಧಾಂತ: ದಿನಸಿ ಲೆಕ್ಕದಲ್ಲಿ ‘ಇತರೆ’ ಖರ್ಚಿನ ಬಾಬ್ತಲ್ಲ, ಗಂಡಹೆಂಡಿರ ನಡುವಿನ ಒಡಂಬಡಿಕೆ. ಉಳಿದೆಲ್ಲ ಸಾಲುಗಳು ಆ ಒಂದು ಸಾಲನ್ನು ನಂಬಿಸಲು ಬರೆದ ಪೀಠಿಕೆ. 2016ರ ಡಿಸೆಂಬರ್‌ನಲ್ಲಿ ಈ ಬಾಬ್ತು ಸೊನ್ನೆಗೆ ಇಳಿದಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಎಲ್ಲದರ ದರವೂ ಗೊಂದಲವಾದ ತಿಂಗಳು ಸದ್ದಿಲ್ಲದೆ ಮತ್ತೆ ಕಾಣಿಸಿಕೊಂಡಿದೆ. ಈಗ ಖರ್ಚಿನ ಲೆಕ್ಕವೆಲ್ಲ ಫೋನಿನಲ್ಲಿ ತಾನಾಗಿಯೇ ದಾಖಲಾಗುತ್ತದೆ. ಬೋಂಡವೂ ಸಮಯಸಮೇತ ಬೀಳುತ್ತದೆ. ಮುಂದಿನ ಸಂಶೋಧಕರಿಗೆ ಆಕರ ಹೆಚ್ಚು ಸಿಗಬಹುದು, ಸ್ವಾರಸ್ಯ ಕಡಿಮೆಯೇ.

ಓದುಗರಲ್ಲಿ ವಿನಂತಿ: ನಿಮ್ಮ ಅಟ್ಟದಲ್ಲೂ ಇಂಥ ಪುಸ್ತಕಗಳಿದ್ದರೆ, ಅದರಲ್ಲೂ ಆಣೆಯ ಕಾಲದವಿದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಹಾಕಲೇಬೇಕಾದರೆ ಒಂದೊಂದನ್ನೂ ಕೊಡವಿ, ಪುಟಗಳ ನಡುವೆ ನೋಟೇನಾದರೂ ಇದೆಯೇ ನೋಡಿ ಹಾಕಿ.