ಹದಿನೈದು ಬೈಟಿನ ನಾಮಕರಣ

1882ರಲ್ಲಿ ಡಿ. ಎಸ್. ವೈಟ್ ಎಂಬ ಮಹನೀಯರ ಸಂಘಕ್ಕೆ ಮೈಸೂರಿನ ಅರಸರು ದಯಪಾಲಿಸಿದ ಭೂಮಿಯಲ್ಲಿ ತಲೆಯೆತ್ತಿದ ವೈಟ್‌ಫೀಲ್ಡ್ ಎಂಬ ವಸತಿಯು ನಮ್ಮೂರಾದ ಕಾಡುಗೋಡಿಯಿಂದ ತುಸು ದೂರದಲ್ಲಿದ್ದರೂ, ನಮ್ಮೂರ ನೆಲದ ಮೇಲಿನ ರೈಲು ನಿಲ್ದಾಣವು ಆ ಹೆಸರನ್ನೇ ಧರಿಸಿದೆ. 2023ರ ಮಾರ್ಚ್‌ನಲ್ಲಿ ಬಂದ ಮೆಟ್ರೊ ತನ್ನ ನಿಲ್ದಾಣದ ಹೆಸರಿನಲ್ಲಿ ನಮ್ಮನ್ನು ಕೃಪೆಯಿಂದ ಆವರಣ ಚಿಹ್ನೆಗಳ ನಡುವೆ ಕೂಡಿಸಿತು. ಆದಕಾರಣ, ಓಡುತ್ತಿರುವ ಪ್ರೋಗ್ರಾಮು, ಅಂದರೆ ಪ್ರೋಸೆಸ್ಸು, ತನ್ನ ಹೆಸರನ್ನು ತಾನೇ ಬದಲಿಸಿಕೊಳ್ಳಬಲ್ಲುದೆಂದು ಕಚೇರಿಯ ತರುಣನೊಬ್ಬನು ತಿಳಿಸಿದಾಗ ನನ್ನಲ್ಲಿ ವಿಸ್ಮಯಕ್ಕಿಂತ ಬಂಧುಭಾವವೇ ಉದಿಸಿತು.

ಲಿನಕ್ಸ್ ಯಂತ್ರಕ್ಕೆ ‘ಟಾಪ್’ ಎಂದು ಆಜ್ಞಾಪಿಸಿದೊಡನೆ ಇಳಿಯುವ ಪ್ರೋಸೆಸ್ಸುಗಳ ಪಟ್ಟಿಯಲ್ಲಿ ಹತ್ತಾರು ಸಾಲುಗಳು ಬರಿದೆ ‘ಪೈಥಾನ್’ ಎಂದಿದ್ದರೆ, ಯಾವುದು ಸಂಬಳದ ಲೆಕ್ಕ ಹಾಕುತ್ತಿದೆ, ಯಾವುದು ಸುಮ್ಮನೆ ಮೆಮೊರಿ ತಿನ್ನುತ್ತ ಕುಳಿತಿದೆ ಎಂಬುದನ್ನು ಬ್ರಹ್ಮನೂ ಹೇಳಲಾರ. ಒಂದೇ ಮನೆಯಲ್ಲಿ ಮೂವರು ವೆಂಕಟೇಶರಿದ್ದಂತೆ. ಪೋಸ್ಟ್‌ಗ್ರೆಸ್‌ನಂಥ ಸುಸಂಸ್ಕೃತ ಡೇಟಾಬೇಸು ಮಾತ್ರ ತನ್ನ ಒಂದೊಂದು ಪ್ರೋಸೆಸ್ಸಿನ ಹೆಸರಿನಲ್ಲಿಯೇ ಬಳಕೆದಾರನಾರು, ಸದ್ಯ ದುಡಿಯುತ್ತಿದೆಯೋ ಬಿಡುವಾಗಿದೆಯೋ ಎಂಬುದನ್ನು ಬರೆದುಕೊಂಡಿರುತ್ತದೆ. ಈ ಪ್ರಾಮಾಣಿಕತೆ ಕಚೇರಿಯ ಕುರ್ಚಿಗಳಿಗೂ ಬಂದಿದ್ದರೆ ಎಷ್ಟೋ ಜನರ ಬೆನ್ನ ಹಿಂದೆ ‘ಐಡಲ್’ ಎಂದು ಬೆಳಗುತ್ತಿತ್ತು.

ನಾಮಾಂತರದ ಒಂದು ಮಾರ್ಗ, ಪ್ರೋಗ್ರಾಮು ಹೊರಡುವಾಗ ದೊರೆತ ಆರ್ಗ್ಯುಮೆಂಟುಗಳ ಮೇಲೆಯೇ ಹೊಸ ಹೆಸರನ್ನು ಬರೆದುಬಿಡುವುದು. ಇನ್ನೊಂದು, ‘ಪಿಆರ್‌ಸಿಟಿಎಲ್’ ಎಂಬ ಸಿಸ್ಟಮ್ ಕಾಲ್ ಮೂಲಕ ಲಿನಕ್ಸಿನ ತಿರುಳಾದ ಕರ್ನೆಲ್ಲಿಗೇ ಅರ್ಜಿ ಸಲ್ಲಿಸುವುದು. ಕರ್ನೆಲ್ ಅರ್ಜಿಯನ್ನು ತಿರಸ್ಕರಿಸದು; ಆದರೆ ಅದು ಕೊಡುವ ಸ್ಥಳ 16 ಬೈಟು, ಅದರಲ್ಲೂ ಕೊನೆಯದು ಶೂನ್ಯಕ್ಕೆ ಮೀಸಲು; ಮಿಕ್ಕುದನ್ನು ತುಟಿಪಿಟಕ್ಕೆನ್ನದೆ ಕತ್ತರಿಸುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರಕ್ಕೆ 3 ಬೈಟು, ಅದರ ಕೊಂಬು ಗುಡಿಸುಗಳಿಗೆ ಮತ್ತೆ ಮೂರು ಮೂರು. ನಮ್ಮೂರಿಗೆ ಒಟ್ಟು 24. ಹೀಗಾಗಿ, ಸ್ಥಳಾಭಿಮಾನದಿಂದ ಒಂದು ಪ್ರೋಸೆಸ್ಸಿಗೆ ‘ಕಾಡುಗೋಡಿ’ ಎಂದು ಹೆಸರಿಡಿಸಲು, ಪಟ್ಟಿಯಲ್ಲಿ ಮೂಡಿದ್ದು ‘ಕಾಡುಗ’! ಆವರಣದೊಳಗಾದರೂ ಪೂರ್ತಿಯಾಗಿ ಬರೆದ ಮೆಟ್ರೊ ಫಲಕವು ಎಷ್ಟು ಉದಾರವಾದುದೆಂದು ಆಗ ಮನವರಿಕೆಯಾಯಿತು. ಇಂಗ್ಲಿಷಿನ ವೈಟ್‌ಫೀಲ್ಡ್‌ಗೆ 10 ಬೈಟು ಸಾಕಾಗಿ, ಅದು ಅಕ್ಷತವಾಗಿ ವಿರಾಜಿಸುತ್ತದೆಂಬುದೇ ಹೊಟ್ಟೆಯುರಿಯ ಸಂಗತಿ.

ಇಂಥ ಸೌಲಭ್ಯವನ್ನು ಕಳ್ಳರು ಬಿಟ್ಟಾರೆಯೇ? ಅನ್ಯರ ಸರ್ವರಿನಲ್ಲಿ ಕದ್ದು ಕ್ರಿಪ್ಟೊ ನಾಣ್ಯ ಗಳಿಸುವ ಪ್ರೋಗ್ರಾಮುಗಳು ಕರ್ನೆಲ್ಲಿನ ಸ್ವಂತ ಥ್ರೆಡ್ಡಿನ ವೇಷ ತೊಟ್ಟು, ಚೌಕಾವರಣದೊಳಗೆ ‘ಕೆವರ್ಕರ್’ ಎಂದು ಬರೆದುಕೊಂಡು ಕುಳಿತಿರುವುದುಂಟು. ಅನುಮಾನ ಬಂದ ವಾಚಕರು ಹೆಸರನ್ನು ಬದಿಗಿರಿಸಿ, ಬದಲಾಗದ ಪ್ರೋಸೆಸ್ ಸಂಖ್ಯೆಯನ್ನು ಹಿಡಿದು ‘ಪ್ರೋಕ್’ ಫೋಲ್ಡರಿಗೆ ಹೋಗಿ, ಅಲ್ಲಿನ ‘ಎಕ್ಸ್‌ಇ’ ಎಂಬ ಲಿಂಕು ಯಾವ ಫೈಲನ್ನು ತೋರುತ್ತದೆಂದು ನೋಡತಕ್ಕದ್ದು. ನಿಜವಾದ ಕರ್ನೆಲ್ ಥ್ರೆಡ್ಡಿಗೆ ಅಲ್ಲಿ ಯಾವ ಫೈಲೂ ಇರುವುದಿಲ್ಲ.