35 ಡಾಲರ್‌ನ ದಿಬ್ಬಣ: ಟ್ರಾಫಿಕ್ ಟಿಕೆಟ್ಟಿನ ಜೊತೆ ಮಾತುಕತೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮ ಹಾಸನದ ಹುಡುಗನೊಬ್ಬನಿಗೆ ಫ್ರೀಮಾಂಟ್‌ನಲ್ಲಿ ಮನೆ, ಸನಿವೇಲ್‌ನಲ್ಲಿ ಆಫೀಸು. ಒಂದು ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗ್‌ಗೆ ತಡವಾಯಿತೆಂದು ಎಲ್ ಕಮಿನೊ ರಿಯಲ್ ರಸ್ತೆಯಲ್ಲಿ, ಗಂಟೆಗೆ 40 ಮೈಲಿ ಎಂದು ಬೋರ್ಡು ಹಾಕಿದ ಕಡೆ, 53ರಲ್ಲಿ ಹೋದ. ಪೊಲೀಸಪ್ಪ ನಿಲ್ಲಿಸಿದ, ಲೈಸೆನ್ಸು ನೋಡಿದ, ಕೈಯಲ್ಲಿದ್ದ ಪುಟ್ಟ ಯಂತ್ರದಿಂದ ಅಂಗಡಿ ಬಿಲ್ಲಿನಷ್ಟು ಉದ್ದದ ಕಾಗದ ಹರಿದು ಕೊಟ್ಟ, ನಗುತ್ತಲೇ ಹೊರಟುಹೋದ. ಆ ಕಾಗದ ಈಗ ಕಾರಿನ ಗ್ಲೋವ್ ಬಾಕ್ಸಿನಲ್ಲಿ ವಾಸವಾಗಿದೆ. ಅಕ್ಕಪಕ್ಕ ಟಿಶ್ಯೂ ಪೊಟ್ಟಣ, ಗಣಪತಿ ಸ್ಟಿಕ್ಕರು, ಅವಧಿ ಮುಗಿದ ಇನ್ಶೂರೆನ್ಸ್ ಕಾರ್ಡು. ಹುಡುಗ ದೋಸೆ ಪಾರ್ಸೆಲ್ ತರಲು ಹೋಟೆಲಿನ ಒಳಗೆ ಹೋದ ಹೊತ್ತು ನೋಡಿ ನಾವು ಟಿಕೆಟ್ಟನ್ನು ಮಾತಿಗೆಳೆದೆವು.

ನಾವು: ನಮಸ್ಕಾರ. ಆರಾಮಾಗಿದ್ದೀರಾ?

ಟಿಕೆಟ್: ಆರಾಮೆಲ್ಲಿ ಬಂತು ಸ್ವಾಮಿ. ನಾನು ಥರ್ಮಲ್ ಕಾಗದ. ಮೊದಲ ವಾರ ಡ್ಯಾಶ್‌ಬೋರ್ಡಿನ ಮೇಲೇ ಬಿಸಾಕಿದ್ದ. ಕಾದು ಕಾದು ಮೇಲಿನ ಅರ್ಧ ಮಸಿ ಬಳಿದ ಹಾಗಾಗಿದೆ, ಆಫೀಸರನ ಬ್ಯಾಡ್ಜ್ ನಂಬರೇ ಕಾಣಲ್ಲ. ಕೆಳಗಡೆ ತಾರೀಖೊಂದು ಉಳಿದುಕೊಂಡಿದೆ, ನೋಡಿ. ಅದೊಂದಿದ್ದರೆ ನನಗೆ ಸಾಕು.

ನಾವು: ಸಹಿ ಹಾಕುವಾಗ ಹುಡುಗ ಬಹಳ ಹಿಂದೇಟು ಹಾಕಿದನಂತೆ?

ಟಿಕೆಟ್: ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ಅವನ ಲೆಕ್ಕ. ನಿಮ್ಮ ಕಡೆಯವರಿಗೆ ಯಾವ ಕಾಗದಕ್ಕೆ ಸಹಿ ಹಾಕೋದಿದ್ದರೂ ಒಬ್ಬ ಭಾವಮೈದುನನ್ನ ಕೇಳಬೇಕು. ಇದು ಒಪ್ಪಿಗೆಯಲ್ಲ, ಇಂಥ ತಾರೀಖಿನ ಒಳಗೆ ಕೋರ್ಟಿಗೆ ಉತ್ತರ ಕೊಡ್ತೀನಿ ಅನ್ನೋ ಮಾತು, ಅಷ್ಟೇ. ಹಾಕೋದೇ ಇಲ್ಲ ಅಂತ ಹಟ ಹಿಡಿದಿದ್ದರೆ ಪೊಲೀಸಪ್ಪ ಅಲ್ಲಿಂದಲೇ ಕರ್ಕೊಂಡು ಹೋಗಬಹುದಿತ್ತು.

ನಾವು: ಆಮೇಲೆ ಆನ್‌ಲೈನಿನಲ್ಲಿ ಹುಡುಕಿದರೆ ನೀವು ಸಿಗಲೇ ಇಲ್ಲವಂತೆ.

ಟಿಕೆಟ್: ಹೇಗೆ ಸಿಗಲಿ? ಅವತ್ತೇ ರಾತ್ರಿ ಹುಡುಕೋಕೆ ಕೂತ. ಮೊದಲು ಡಿಎಂವಿ, ಅಂದರೆ ಇಲ್ಲಿನ ಆರ್‌ಟಿಒ, ಅದರ ಸೈಟು. ಡಿಎಂವಿಗೂ ನನಗೂ ಆಗಿನ್ನೂ ಪರಿಚಯವೇ ಇಲ್ಲ. ಆಮೇಲೆ ಅಲಮೀಡಾ ಕೌಂಟಿಯ ಕೋರ್ಟು, ಯಾಕಂದರೆ ಇವನ ಮನೆ ಇರೋದು ಅಲ್ಲಿ. ನಾನು ಹುಟ್ಟಿದ್ದು ಸಾಂತಾ ಕ್ಲಾರಾ ಕೌಂಟಿಯಲ್ಲಿ! ರಾಜ್ಯದಲ್ಲಿ 58 ಕೌಂಟಿ ಇವೆ, ಒಂದೊಂದಕ್ಕೂ ಒಂದೊಂದು ಸುಪೀರಿಯರ್ ಕೋರ್ಟು. ತಪ್ಪು ನಡೆದ ಕೌಂಟಿಯಲ್ಲೇ ಟಿಕೆಟ್ಟನ್ನ ಹುಡುಕಬೇಕು. ಕೊನೆಗೆ ಸರಿಯಾದ ಕೋರ್ಟಿನ ಸೈಟಿಗೆ ಬಂದ, ಟಿಕೆಟ್ ನಂಬರ್ ಒತ್ತಿದ, ದಾಖಲೆ ಇಲ್ಲ ಅಂತ ಬಂತು. ಅಷ್ಟಕ್ಕೇ ಹೆಂಡತಿಯನ್ನ ಕರೆದು ತೋರಿಸಿದ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಪುಣ್ಯಾತ್ಮರು, ಪೊಲೀಸರು ಎಷ್ಟೋ ಸಲ ಕೋರ್ಟಿಗೆ ಕಳಿಸೋದೇ ಮರೀತಾರೆ ಅಂತ ಧೈರ್ಯ ತುಂಬಿದರು.

ನಾವು: ಮರೆತಿರಲಿಲ್ಲವೇ?

ಟಿಕೆಟ್: ಕಂಪ್ಯೂಟರಿಗೆ ನಾನು ಏರೋಕೆ ವಾರಗಟ್ಟಲೆ ಆಗುತ್ತೆ. ಏರಿದ ಮೇಲೆ ಕೋರ್ಟಿನವರು ಅಂಚೆಯಲ್ಲಿ ಒಂದು ನೋಟಿಸು ಕಳಿಸ್ತಾರೆ. ಎಷ್ಟು ದುಡ್ಡು, ಯಾವತ್ತು ಕಡೇ ದಿನ, ಏನೇನು ದಾರಿ, ಎಲ್ಲಾ ಅದರಲ್ಲಿರುತ್ತೆ. ಅದು ಹೋಗೋದು ದಾಖಲೆಯಲ್ಲಿರೋ ವಿಳಾಸಕ್ಕೆ. ಬಾಡಿಗೆ ಜಾಸ್ತಿ ಮಾಡಿದರು ಅಂತ ಇವನು ಮನೆ ಬದಲಾಯಿಸಿದ್ದಾನೆ, ಲೈಸೆನ್ಸಿನಲ್ಲಿ ಹಳೇ ವಿಳಾಸವೇ ಇದೆ. 10 ದಿನದೊಳಗೆ ಡಿಎಂವಿಗೆ ತಿಳಿಸಬೇಕು ಅಂತ ಕಾನೂನು. ಆ ಹಳೇ ಮನೆಯಲ್ಲಿ ಈಗಿರೋರು ನೋಟಿಸನ್ನ ಪಿಜ್ಜಾ ಕೂಪನ್ ಜೊತೆ ಸೇರಿಸಿ ರೀಸೈಕಲ್ ಡಬ್ಬಕ್ಕೆ ಹಾಕಿದರು. ನೋಟಿಸು ಬರಲಿಲ್ಲ ಅಂದರೆ ಕೋರ್ಟು ಕೇಳಲ್ಲ. ತಾರೀಖು ನನ್ನ ಮೈಮೇಲೇ ಇದೆಯಲ್ಲ.

ನಾವು: ಫೋನಿಗೆ ಮೆಸೇಜು ಬಂದಿತ್ತು ಅಂತ ಹೇಳುತ್ತಿದ್ದ?

ಟಿಕೆಟ್: ಅಯ್ಯೋ, ಅದು ಕಳ್ಳರದ್ದು! ಟಿಕೆಟ್ ಬಾಕಿ ಇದೆ, ಇವತ್ತೇ ಕಟ್ಟದಿದ್ದರೆ ಲೈಸೆನ್ಸ್ ರದ್ದು ಅಂತ ಲಿಂಕ್ ಕಳಿಸ್ತಾರೆ. ಟಿಕೆಟ್ ದುಡ್ಡು ಕೇಳಿ ಮೆಸೇಜು ಕಳಿಸೋ ಪದ್ಧತಿಯೇ ನಮ್ಮಲ್ಲಿಲ್ಲ ಅಂತ ಡಿಎಂವಿಯವರು ಹೇಳಿ ಹೇಳಿ ಸಾಕಾಗಿದ್ದಾರೆ. ನೋಡಿ, ಅಸಲಿ ಕೋರ್ಟು ಮಾತಾಡೋಕೆ ತಿಂಗಳು ತಗೊಳ್ಳುತ್ತೆ, ನಕಲಿ ಕೋರ್ಟು ನಿಮಿಷದಲ್ಲಿ ಬರುತ್ತೆ. ಇವನು ಆ ಲಿಂಕು ಒತ್ತೋದರಲ್ಲಿದ್ದ, ಹೆಂಡತಿ ಫೋನು ಕಿತ್ಕೊಂಡಳು.

ನಾವು: ಇನ್ನು ದುಡ್ಡಿನ ವಿಷಯಕ್ಕೆ ಬರೋಣ. ನಿಮ್ಮ ನಿಜವಾದ ಬೆಲೆ ಎಷ್ಟು?

ಟಿಕೆಟ್: (ಗಂಟಲು ಸರಿಮಾಡಿಕೊಂಡು) 35 ಡಾಲರ್.

ನಾವು: ಕೋರ್ಟಿನ ಸೈಟಿನಲ್ಲಿ ಈಗ 238 ಅಂತಿದೆ!

ಟಿಕೆಟ್: ಮದುಮಗ ಒಬ್ಬನೇ ಬರ್ತಾನೇನ್ರೀ? ಹಿಂದೆ ದಿಬ್ಬಣ ಇರಲ್ವಾ? ಮಿತಿಗಿಂತ 15 ಮೈಲಿವರೆಗೆ ಜಾಸ್ತಿ ಓಡಿಸಿದರೆ ಮೂಲ ದಂಡ 35. ಅದರಲ್ಲಿ ಪ್ರತಿ 10 ಡಾಲರಿಗೂ, ಚಿಲ್ಲರೆ ಉಳಿದರೆ ಅದನ್ನೂ ಪೂರ್ತಿ 10 ಅಂತಲೇ ಎಣಿಸಿ, ಜನ ಸೇರ್ಕೋತಾರೆ. ರಾಜ್ಯದ್ದು 10, ಕೌಂಟಿಯದ್ದು 7, ಕೋರ್ಟು ಕಟ್ಟಡ ಕಟ್ಟೋಕೆ 5, ಡಿಎನ್‌ಎ ಪರೀಕ್ಷೆಗೆ ಒಂದು ಸಲ 1, ಇನ್ನೊಂದು ಸಲ 4, ತುರ್ತು ವೈದ್ಯಕೀಯ ಸೇವೆಗೆ 2. ಒಟ್ಟು 29. 35 ಅನ್ನೋದು 40 ಆಗಿ, ನಾಲ್ಕು ಇಪ್ಪತ್ತೊಂಬತ್ತಲಿ 116. ಆಮೇಲೆ ಮೂಲ ದಂಡದ ಮೇಲೆ ಶೇಕಡಾ 20 ಸರ್‌ಚಾರ್ಜು, 7 ಡಾಲರ್. ಕೋರ್ಟು ನಡೆಸೋಕೆ 40. ತಪ್ಪಿತಸ್ಥ ಅಂತ ತೀರ್ಮಾನವಾಗಿದ್ದಕ್ಕೆ ಇನ್ನೊಂದು 35. ಇಷ್ಟಕ್ಕೇ 233. ಅದರ ಮೇಲೆ ಇನ್ನೂ 5 ಡಾಲರಿನ ಚಿಲ್ಲರೆ ಬಾಬತ್ತು ಸೇರಿದರೆ 238. ಕೌಂಟಿ ಬದಲಾದರೆ, ವರ್ಷ ಬದಲಾದರೆ ಒಂದೆರಡು ನೆಂಟರು ಬಿಟ್ಟು ಹೋಗ್ತಾರೆ, ಹೊಸಬರು ಬಂದು ಕೂರ್ತಾರೆ. ಕೆಂಪು ದೀಪ ದಾಟಿದ ನಮ್ಮಣ್ಣನ ಕಥೆ ಕೇಳಿ. ಮೂಲ ದಂಡ 100, ಮನೆಗೆ ಬರೋದು 490ರ ಆಸುಪಾಸು.

ನಾವು: 53ರಲ್ಲಿ ಓಡಿಸಿದ್ದಕ್ಕೂ ಡಿಎನ್‌ಎಗೂ ಏನು ಸಂಬಂಧ?

ಟಿಕೆಟ್: 2004ರಲ್ಲಿ ಮತದಾರರೇ ಓಟು ಹಾಕಿ ಒಪ್ಪಿದ ಕಾನೂನು ಅದು. ಅಪರಾಧಿಗಳ ಡಿಎನ್‌ಎ ಸಂಗ್ರಹಿಸೋ ಖರ್ಚನ್ನ ದಂಡ ಕಟ್ಟೋರ ತಲೆಗೆ ಕಟ್ಟಿದರು. ತೆರಿಗೆ ಏರಿಸ್ತೀನಿ ಅಂದರೆ ಯಾವ ರಾಜಕಾರಣಿ ಗೆಲ್ತಾನೆ ಹೇಳಿ? ದಂಡಕ್ಕೆ 4 ಡಾಲರ್ ಸೇರಿಸ್ತೀನಿ ಅಂದರೆ ಯಾರೂ ತಲೆ ಎತ್ತಿ ನೋಡಲ್ಲ. ಸಿಕ್ಕಿಬೀಳೋದು ಬೇರೆಯವರು ಅಂತ ಎಲ್ಲರಿಗೂ ನಂಬಿಕೆ.

(ಇಷ್ಟು ಹೇಳುವಾಗ ಟಿಕೆಟ್ಟಿನ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು ಎನ್ನುವುದನ್ನು ಓದುಗರ ಗಮನಕ್ಕೆ ತರುತ್ತೇವೆ. ಸೋಮಾರಿ ಸರ್ಕಾರಕ್ಕೆ ಇದಕ್ಕಿಂತ ಸಲೀಸಾದ ಖಜಾನೆ ಸಿಗಲಾರದು.)

ನಾವು: ನಮ್ಮ ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟರು. ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತು ಕಟ್ಟಿದರು.

ಟಿಕೆಟ್: ಹುಡುಗನ ಅಪ್ಪ ಹಾಸನದಿಂದ ವಿಡಿಯೋ ಕಾಲ್ ಮಾಡಿ ಅದನ್ನೇ ಹೇಳಿದರು. "ಅರ್ಜೆಂಟ್ ಮಾಡಬೇಡ ಮಗಾ, ಅರ್ಧಕ್ಕೆ ಇಳೀತದೆ" ಅಂತ. ನಮ್ಮಲ್ಲೂ ಆಗಿತ್ತು ಸ್ವಾಮಿ, 2015ರ ಅಕ್ಟೋಬರಿನಿಂದ 2017ರವರೆಗೆ. ಅರ್ಧ ಮಾಫಿ, ತೀರಾ ಬಡವರಿಗೆ ಶೇಕಡಾ 80. ಆದರೆ 2013ಕ್ಕಿಂತ ಹಿಂದಿನ ಬಾಕಿಗೆ ಮಾತ್ರ. ಅಷ್ಟು ವರ್ಷ ಕಾಯ್ತಾ ಕೂತರೆ ಏನಾಗುತ್ತೆ ಗೊತ್ತಾ? ತಾರೀಖು ತಪ್ಪಿಸಿದರೆ ಮೇಲೆ 100 ಡಾಲರ್‌ವರೆಗೂ ಬೀಳುತ್ತೆ, 2022ಕ್ಕೆ ಮುಂಚೆ ಅದೇ 300 ಇತ್ತು. ಹಾಜರಾಗ್ತೀನಿ ಅಂತ ಸಹಿ ಹಾಕಿ ಹಾಜರಾಗದೇ ಇರೋದು ಬೇರೆಯೇ ಅಪರಾಧ, ಅದು ನನಗಿಂತ ದೊಡ್ಡದು. ದುಡ್ಡು ಕಟ್ಟಿಲ್ಲ ಅಂತ ಲೈಸೆನ್ಸ್ ಕಿತ್ಕೊಳ್ಳೋದನ್ನ ಮಾತ್ರ 2017ರಲ್ಲಿ ನಿಲ್ಲಿಸಿದರು. ಒಳ್ಳೇ ಕೆಲಸ. ಲೈಸೆನ್ಸ್ ಇಲ್ಲದೆ ಕೆಲಸಕ್ಕೆ ಹೋಗೋಕಾಗಲ್ಲ, ಕೆಲಸ ಇಲ್ಲದೆ ದಂಡ ಕಟ್ಟೋಕಾಗಲ್ಲ, ಈ ಗಾಣದಲ್ಲಿ ಎಷ್ಟು ಬಡವರು ಸುತ್ತಿದರೋ. ಈಗ ವರಮಾನ ಕಮ್ಮಿ ಇದ್ದರೆ ಕೋರ್ಟಿಗೆ ಆನ್‌ಲೈನಿನಲ್ಲೇ ಕೇಳಿ ದಂಡ ಇಳಿಸಿಕೊಳ್ಳಬಹುದು. ನಮ್ಮ ಹುಡುಗನೂ ಆ ಅರ್ಜಿ ತೆರೆದ. ಸಂಬಳದ ಕಾಲಂ ಬಂತು, ಮುಚ್ಚಿದ.

ನಾವು: ಸುಮ್ಮನೆ ಕಟ್ಟಿ ಕೈತೊಳೆದುಕೊಂಡರೆ?

ಟಿಕೆಟ್: ಎಲ್ಲರೂ ಮಾಡೋದು ಅದನ್ನೇ, ಇಡೀ ಏರ್ಪಾಡು ನಿಂತಿರೋದೂ ಅದರ ಮೇಲೇ. ಆದರೆ ಕಟ್ಟಿದರೆ ತಪ್ಪು ಒಪ್ಪಿಕೊಂಡ ಲೆಕ್ಕ. ಡಿಎಂವಿ ದಾಖಲೆಯಲ್ಲಿ ಒಂದು ಪಾಯಿಂಟು, ಅಂದರೆ ಕಪ್ಪು ಚುಕ್ಕೆ, ಮೂರು ವರ್ಷ ಅಲ್ಲೇ ಇರುತ್ತೆ, ಇನ್ಶೂರೆನ್ಸಿನವನು ಅದನ್ನ ಮೂಸಿ ನೋಡ್ತಾನೆ. ಟ್ರಾಫಿಕ್ ಸ್ಕೂಲು ಮಾಡಿದರೆ ಅವನ ಕಣ್ಣಿಗೆ ಬೀಳಲ್ಲ. 18 ತಿಂಗಳಿಗೆ ಒಂದೇ ಸಲ ಆ ಅವಕಾಶ. ದಂಡ ಪೂರ್ತಿ ಕಟ್ಟಬೇಕು, ಕೋರ್ಟಿಗೆ ಬೇರೆ ಫೀಸು, ಸ್ಕೂಲಿಗೆ ಬೇರೆ. ಐಐಟಿ ಮುಗಿಸಿದೋರು ರಾತ್ರಿ ಹನ್ನೊಂದಕ್ಕೆ ಕೂತು, ಹಳದಿ ದೀಪ ಕಂಡರೆ ಏನು ಮಾಡಬೇಕು ಅನ್ನೋದಕ್ಕೆ ಸರಿ ಉತ್ತರ ಆರಿಸ್ತಾರೆ.

ನಾವು: ಕಾದಾಡುವ ಆಸೆ ಇದ್ದವರಿಗೆ?

ಟಿಕೆಟ್: ಬನ್ನಿ ಅಂತೀನಿ! ಕೋರ್ಟಿಗೆ ಕಾಲಿಡದೆ ಬರವಣಿಗೆಯಲ್ಲೇ ವಾದ ಮಾಡಬಹುದು, ಟಿಆರ್-205 ಅಂತ ಫಾರಂ ಇದೆ. ಮೊದಲು ಪೂರ್ತಿ ದುಡ್ಡು ಠೇವಣಿ ಇಡಬೇಕು, ಗೆದ್ದರೆ ವಾಪಸು. ನೀವೊಂದು ಹೇಳಿಕೆ ಬರೀತೀರಿ, ಪೊಲೀಸಪ್ಪನೂ ಒಂದು ಬರೀತಾನೆ, ಜಡ್ಜು ಎರಡನ್ನೂ ಓದ್ತಾರೆ. ಸೋತರೆ 20 ದಿನದೊಳಗೆ ಟಿಆರ್-220 ಹಾಕಿ, ಮೊದಲನೆಯದು ನಡೆದೇ ಇಲ್ಲ ಅನ್ನೋ ಹಾಗೆ ಹೊಸದಾಗಿ ವಿಚಾರಣೆ ಕೇಳಬಹುದು.

ನಾವು: ನಮ್ಮ ಹುಡುಗ ಬರೆದನೇ?

ಟಿಕೆಟ್: ಚಾಟ್‌ಜಿಪಿಟಿ ಹತ್ತಿರ ಬರೆಸಿದ, ಆರು ಪುಟ. ಮೊದಲ ಪ್ಯಾರಾದಲ್ಲೇ "ನಾನು 53ರಲ್ಲಿ ಇರಲಿಲ್ಲ, ಹೆಚ್ಚೆಂದರೆ 48" ಅಂತಿದೆ. ಮಿತಿ 40! ತನ್ನ ಕೈಯಾರೆ ಒಪ್ಪಿಕೊಂಡ. ಎರಡನೇ ಪ್ಯಾರಾದಲ್ಲಿ, ಎಲ್ಲರೂ ಅಷ್ಟೇ ವೇಗದಲ್ಲಿ ಹೋಗ್ತಿದ್ದರು ಅಂತ ಊರಿನವರ ಪರವಾಗಿಯೂ ಒಪ್ಪಿಕೊಂಡ. ಮೂರನೇದರಲ್ಲಿ ಅಮ್ಮನ ಬಿಪಿ. ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಒಂದು, ಅದನ್ನೇ ಬಿಟ್ಟ.

ನಾವು: ಯಾವುದು?

ಟಿಕೆಟ್: ನನ್ನ ಬಾಯಲ್ಲೇ ಹೇಳಿಸ್ತೀರಲ್ಲ. ರೇಡಾರಿನಲ್ಲಿ ಹಿಡಿದಿದ್ದರೆ, ಬೋರ್ಡಿನ ಮೇಲಿರೋ ಮಿತಿಗೆ ಆಧಾರವಾಗಿ ಆ ರಸ್ತೆಯ ಸರ್ವೆ ಇರಬೇಕು. ಜನ ನಿಜವಾಗಿ ಎಷ್ಟು ವೇಗದಲ್ಲಿ ಹೋಗ್ತಾರೆ, ಎಷ್ಟು ಅಪಘಾತ ಆಗಿವೆ ಅಂತ ಎಂಜಿನಿಯರುಗಳು ಅಳೆದಿದ್ದು. ಸರ್ವೆ ಹಳೇದಾಗಿರಬಾರದು, ಸಾಮಾನ್ಯವಾಗಿ ಐದು ವರ್ಷ. ಕೆಲವು ಷರತ್ತು ಪೂರೈಸಿದರೆ ಏಳು, ಇನ್ನೂ ಮುಂದಕ್ಕೂ ಹೋಗುತ್ತೆ. ಅವಧಿ ಮೀರಿದ್ದರೆ ಆ ಜಾಗಕ್ಕೆ ಕಾನೂನಿನಲ್ಲಿ ವೇಗದ ಬೋನು ಅಂತಲೇ ಹೆಸರು, ರೇಡಾರಿನ ಸಾಕ್ಷಿ ನಿಲ್ಲಲ್ಲ. ಶಾಲೆ ಅಕ್ಕಪಕ್ಕ, ಚಿಕ್ಕ ಓಣಿಗಳಿಗೆ ಈ ರಗಳೆ ಇಲ್ಲ. ಸರ್ವೆ ಪ್ರತಿ ಕೇಳಿ ಪಡೀಬಹುದು. ಕೇಳೋರು ಎಷ್ಟು ಜನ?

ನಾವು: ಮುಖಾಮುಖಿ ವಿಚಾರಣೆ ಹೇಗಿರುತ್ತದೆ?

ಟಿಕೆಟ್: ಸಿನಿಮಾ ಕೋರ್ಟು ಅಂದುಕೊಂಡು ಹೋದರೆ ನಿರಾಸೆ. ಜ್ಯೂರಿ ಇಲ್ಲ, ಸರ್ಕಾರ ವಕೀಲರನ್ನ ಕೊಡಲ್ಲ, ಸಾಮಾನ್ಯವಾಗಿ ಸರ್ಕಾರಿ ವಕೀಲರೂ ಬರಲ್ಲ. ಪೊಲೀಸಪ್ಪ ನಿಂತು ನನ್ನ ಬಗ್ಗೆ ಬರ್ಕೊಂಡ ಟಿಪ್ಪಣಿ ಓದ್ತಾನೆ, ನೀವು ನಿಮ್ಮ ಮಾತು ಹೇಳ್ತೀರಿ. ಇಂಗ್ಲಿಷ್ ಬಾರದಿದ್ದರೆ ದುಭಾಷಿ ಕೊಡಬೇಕು. ಕನ್ನಡಕ್ಕೂ ಕೇಳಬಹುದು, ಮುಂಚೆಯೇ ಹೇಳಿರಬೇಕು. ಪೊಲೀಸಪ್ಪ ಬರದಿದ್ದರೆ ಸಾಕ್ಷಿ ಇಲ್ಲ, ಸಾಮಾನ್ಯವಾಗಿ ಕೇಸು ವಜಾ. ಅದಕ್ಕೇ ಬೆಂಚಿನ ಮೇಲೆ ಕೂತೋರೆಲ್ಲ ಬಾಗಿಲ ಕಡೆ ನೋಡ್ತಿರ್ತಾರೆ. ಸಮವಸ್ತ್ರ ಒಳಗೆ ಬಂದರೆ ಅರ್ಧ ಜನ ಅಲ್ಲೇ ಟ್ರಾಫಿಕ್ ಸ್ಕೂಲಿಗೆ ಒಪ್ಕೋತಾರೆ.

ನಾವು: ನಿಮ್ಮ ವಂಶದಲ್ಲಿ ಒಳ್ಳೆಯವರು ಯಾರೂ ಇಲ್ಲವೇ?

ಟಿಕೆಟ್: ನಮ್ಮ ತಮ್ಮ ಇದಾನಲ್ಲ, ಫಿಕ್ಸ್-ಇಟ್ ಟಿಕೆಟ್ಟು. ಲೈಟು ಕೆಟ್ಟಿದ್ದರೆ, ನಂಬರ್ ಪ್ಲೇಟ್ ಇಲ್ಲದಿದ್ದರೆ ಅವನು ಬರ್ತಾನೆ. ಸರಿಮಾಡಿಸಿ, ಪೊಲೀಸರಿಗೆ ತೋರಿಸಿ ಸಹಿ ಹಾಕಿಸಿಕೊಂಡು, ಕೋರ್ಟಿಗೆ 25 ಡಾಲರ್ ಕಟ್ಟಿದರೆ ಮುಗೀತು. ಪಾಯಿಂಟಿಲ್ಲ, ದಿಬ್ಬಣ ಇಲ್ಲ. ಅಂದ ಹಾಗೆ, ಆ ಕಡೆ ನಿಂತಿದೆಯಲ್ಲ, ಬಿಳಿ ಟೆಸ್ಲಾ, ಅದು ನಿಮ್ಮದಾ?

ನಾವು: ಹೌದು, ಯಾಕೆ?

ಟಿಕೆಟ್: ಈ ರಾಜ್ಯದಲ್ಲಿ ಮುಂದೆನೂ ಪ್ಲೇಟ್ ಇರಬೇಕು.

ನಾವು: ಅದು... ಡಿಸೈನು ಹಾಳಾಗುತ್ತೆ ಅಂತ ಹಾಕಿಸಿಲ್ಲ. ಟ್ರಂಕಿನಲ್ಲಿದೆ.

ಟಿಕೆಟ್: ಹಿಂದುಗಡೆ ಮೋಟರ್‌ಬೈಕಿನಲ್ಲಿ ಬರ್ತಿರೋರಿಗೂ ಅದನ್ನೇ ಹೇಳಿ.

ಸಮಯದ ಅಭಾವದಿಂದ ಸಂದರ್ಶನವನ್ನು ಇಲ್ಲಿಗೆ ನಿಲ್ಲಿಸಲಾಯಿತು.